ಸರ್ವಭೂಗಾಮಿ ವಾಹನದ ವಾಯುಶೋಧಕ: ಆಯ್ಕೆಯ ವಿಚಾರ

೧. ವಿಷಯ ಪ್ರವೇಶ

ಮೋಟಾರು ವಾಹನದ ಬಿಡಿಭಾಗವೊಂದನ್ನು ಕುರಿತು ಚರಿತ್ರೆಯ ಅಧ್ಯಾಪಕರು ಲೇಖನ ಬರೆಯಹೊರಟರೆ ಓದುಗರಿಗೆ ಸ್ವಲ್ಪ ಆಶ್ಚರ್ಯವಾಗುವುದು ಸಹಜ. ಆದರೆ ನಾವು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿರುವ ವಸ್ತುವಿನಲ್ಲಿ ಚರಿತ್ರೆಗೆ ಸಂಬಂಧಪಟ್ಟ ಎರಡು ಸಂಗತಿಗಳಿವೆ. ಮೊದಲನೆಯದು, ಈ ಬಿಡಿಭಾಗಕ್ಕೆ ನೂರು ವರ್ಷಗಳಿಗೂ ಮೀರಿದ ಚರಿತ್ರೆಯಿದ್ದು, ಅದನ್ನು ಅರಿತವನಿಗೆ ಆಯ್ಕೆಯ ಕೆಲಸ ಬಹುಮಟ್ಟಿಗೆ ಸುಲಭವಾಗುತ್ತದೆ. ಎರಡನೆಯದು, ಇದನ್ನು ಮಾರುವವರು ಹೇಳುವ ಮಾತುಗಳನ್ನು ತೂಗಿ ನೋಡುವ ಕೆಲಸವು ಚರಿತ್ರಕಾರನು ತನ್ನ ಆಕರಗಳನ್ನು ತೂಗಿ ನೋಡುವ ಕೆಲಸಕ್ಕಿಂತ ಭಿನ್ನವಾದುದಲ್ಲ.

ವಾಹನದ ಹೆಸರು 'ಆಲ್ ಟೆರೈನ್ ವೆಹಿಕಲ್', ಎ.ಟಿ.ವಿ. ಎಂಬುದು ಅದರ ರೂಢಿಯ ಸಂಕ್ಷೇಪ. ಮರಳು, ಕೆಸರು, ಕಲ್ಲು, ಹುಲ್ಲುಗಾವಲು ಮೊದಲಾದ ಎಲ್ಲ ಬಗೆಯ ನೆಲದ ಮೇಲೂ ಸಾಗಬಲ್ಲದ್ದಾದುದರಿಂದ ಅದನ್ನು ಸರ್ವಭೂಗಾಮಿ ವಾಹನವೆಂದು ಕರೆಯಬಹುದು. ಸವಾರನು ಮೋಟಾರ್ ಸೈಕಲ್ಲಿನ ಮೇಲೆ ಕೂರುವಂತೆಯೇ ಕೂತು, ಹ್ಯಾಂಡಲನ್ನು ಹಿಡಿದು ಇದನ್ನು ನಡೆಸುತ್ತಾನೆ. ಟೈರುಗಳು ಮಾತ್ರ ಅಗಲವಾಗಿ, ಕಡಮೆ ಒತ್ತಡದ ಗಾಳಿಯಿಂದ ತುಂಬಿರುತ್ತವೆ. ಜಪಾನಿನ ಹೋಂಡಾ ಕಂಪನಿಯವರು ೧೯೭೦ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ಯು.ಎಸ್. ೯೦ ಎಂಬ ಮೂರು ಚಕ್ರದ ವಾಹನವು ಈ ಜಾತಿಯ ಮೊದಲ ಮಾದರಿಗಳಲ್ಲೊಂದು. ಅದರ ಎಂಜಿನ್ನು ಕೇವಲ ೮೯ ಸಿ.ಸಿ. ಗಾತ್ರದ್ದು. ೧೯೮೨ರಲ್ಲಿ ಸುಜುಕಿ ಕಂಪನಿಯವರು ನಾಲ್ಕು ಚಕ್ರದ ಮಾದರಿಯನ್ನು ಹೊರತಂದರು. ಮೂರು ಚಕ್ರದ ವಾಹನಗಳು ಸುಲಭವಾಗಿ ಮಗುಚಿ ಬೀಳುತ್ತಿದ್ದುದರಿಂದ ಅಪಘಾತಗಳು ಹೆಚ್ಚಿ, ೧೯೮೮ರಲ್ಲಿ ಅಮೆರಿಕದ ಸರ್ಕಾರಕ್ಕೂ ತಯಾರಕರಿಗೂ ಆದ ಒಪ್ಪಂದದಿಂದ ಅವುಗಳ ಹೊಸ ಮಾರಾಟವು ಅಲ್ಲಿ ನಿಂತುಹೋಯಿತು. ನಾಲ್ಕು ಚಕ್ರದವು ಉಳಿದುವು. ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್ ದೇಶಗಳಲ್ಲಿ ಇಂದು ಅವು ವಿನೋದದ ಸವಾರಿಗೆ ಮಾತ್ರವಲ್ಲದೆ ಹೊಲಗದ್ದೆಗಳ ಮತ್ತು ಕುರಿ ದನಗಳ ಮೇಲ್ವಿಚಾರಣೆಗೂ ಬಳಕೆಯಾಗುತ್ತಿವೆ.

ಈ ವಾಹನದ ವಿಶೇಷವೇ ಅದರ ಕಷ್ಟಕ್ಕೂ ಕಾರಣ. ಡಾಂಬರು ರಸ್ತೆಯನ್ನು ಬಿಟ್ಟು ಓಡಾಡುವುದಕ್ಕೆಂದೇ ಹುಟ್ಟಿದ ಈ ಯಂತ್ರವು ತಾನೇ ಎಬ್ಬಿಸಿದ ಧೂಳಿನಲ್ಲಿ, ಅನೇಕ ವೇಳೆ ಮುಂದೆ ಹೋಗುತ್ತಿರುವ ಮತ್ತೊಂದು ವಾಹನದ ಧೂಳಿನಲ್ಲಿ, ಉಸಿರಾಡಬೇಕಾಗುತ್ತದೆ. ಆ ಧೂಳು ಒಳಹೋಗದಂತೆ ತಡೆಯತಕ್ಕದ್ದು ವಾಯುಶೋಧಕ. ಕಾರ್ಖಾನೆಯ ಮಾತಿನಲ್ಲಿ ಏರ್ ಫಿಲ್ಟರ್. ಸಾಮಾನ್ಯವಾಗಿ ಆಸನದ ಕೆಳಗಿರುವ ಒಂದು ಪೆಟ್ಟಿಗೆಯಲ್ಲಿ ಅದನ್ನು ಇಟ್ಟಿರುತ್ತಾರೆ. ವಾಹನದೊಡನೆ ಬಂದ ಶೋಧಕವನ್ನು ಮೂಲ ಶೋಧಕವೆಂದೂ, ಅನ್ಯ ಕಂಪನಿಗಳು ತಯಾರಿಸಿ ಮಾರುವುದನ್ನು ಬದಲಿ ಶೋಧಕವೆಂದೂ ಈ ಲೇಖನದಲ್ಲಿ ಕರೆಯುತ್ತೇವೆ. ಬದಲಿ ಶೋಧಕಗಳು ಹತ್ತಾರು ಬಗೆಯವು. ಅವುಗಳಲ್ಲಿ ಯಾವುದನ್ನು ಕೊಳ್ಳಬೇಕು, ಯಾವ ಆಧಾರದ ಮೇಲೆ ಕೊಳ್ಳಬೇಕು ಎಂಬುದೇ ಪ್ರಸ್ತುತ ಪ್ರಶ್ನೆ.

೨. ಗಾಳಿಯ ಲೆಕ್ಕ, ಧೂಳಿನ ಲೆಕ್ಕ

ಪೆಟ್ರೋಲ್ ಎಂಜಿನ್ನು ಕುಡಿಯುವ ಎಣ್ಣೆಯ ಕಡೆಗೆ ಎಲ್ಲರ ಗಮನವೂ ಇರುತ್ತದೆ. ಅದು ಸೇವಿಸುವ ಗಾಳಿಯ ಕಡೆಗೆ ಗಮನ ಕೊಡುವವರು ವಿರಳ. ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ತೂಕದಲ್ಲಿ ಅದರ ಸುಮಾರು ೧೪.೭ ಪಟ್ಟು ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿಗೆ ಸುಮಾರು ೧೧ ಕಿಲೋಗ್ರಾಂ ಗಾಳಿ ಬೇಕಾಯಿತು. ಗಾತ್ರದಲ್ಲಿ ಇದು ಹೆಚ್ಚು ಕಡಮೆ ೯,೦೦೦ ಲೀಟರ್. ಇನ್ನೊಂದು ರೀತಿಯಿಂದ ನೋಡೋಣ. ೪೦೦ ಸಿ.ಸಿ.ಯ ನಾಲ್ಕು ಘಾತದ ಎಂಜಿನ್ನು ಎರಡು ಸುತ್ತಿಗೊಮ್ಮೆ ಉಸಿರೆಳೆಯುತ್ತದೆ. ನಿಮಿಷಕ್ಕೆ ೬,೦೦೦ ಸುತ್ತು ತಿರುಗುವಾಗ ೩,೦೦೦ ಬಾರಿ ಉಸಿರೆಳೆದಂತಾಯಿತು. ಪ್ರತಿಬಾರಿಯೂ ಸಿಲಿಂಡರು ಪೂರ್ತಿ ತುಂಬಿದರೆ ೧,೨೦೦ ಲೀಟರ್ ಗಾಳಿ. ಸಿಲಿಂಡರು ಪೂರ್ತಿ ತುಂಬುವುದಿಲ್ಲವಾದುದರಿಂದ, ಪೂರ್ಣ ವೇಗದಲ್ಲಿ ನಿಮಿಷಕ್ಕೆ ಸುಮಾರು ಒಂದು ಘನಮೀಟರ್ ಎಂದು ಇಟ್ಟುಕೊಳ್ಳಬಹುದು.

ಇನ್ನು ಧೂಳು. ಎದುರಿಗಿನ ದಾರಿಯೇ ಕಾಣದಷ್ಟು ಧೂಳು ಕವಿದಾಗ ಒಂದು ಘನಮೀಟರ್ ಗಾಳಿಯಲ್ಲಿ ಸುಮಾರು ಒಂದು ಗ್ರಾಂ ಧೂಳು ಇರುತ್ತದೆಂದು ಶೋಧಕಗಳನ್ನು ಪರೀಕ್ಷಿಸುವವರು ಲೆಕ್ಕ ಹಾಕುತ್ತಾರೆ. ಅಂತಹ ಧೂಳಿನಲ್ಲಿ ಪೂರ್ಣ ವೇಗದಲ್ಲಿ ನಡೆಯುವ ನಮ್ಮ ಎಂಜಿನ್ನಿನ ಬಾಗಿಲಿಗೆ ನಿಮಿಷಕ್ಕೆ ಒಂದು ಗ್ರಾಮಿನಂತೆ ಗಂಟೆಗೆ ೬೦ ಗ್ರಾಂ ಧೂಳು ಬಂದು ನಿಲ್ಲುತ್ತದೆ. ಯಾವ ಸವಾರನೂ ಇಂತಹ ಸ್ಥಿತಿಯಲ್ಲಿ ಗಂಟೆಗಟ್ಟಲೆ ಸಾಗುವುದಿಲ್ಲವೆಂಬುದು ನಿಜ. ಆದರೂ ಹೋಲಿಕೆಗೆ ಈ ಲೆಕ್ಕ ಅನುಕೂಲವಾದುದು.

ಈ ಧೂಳಿನ ಬಹುಭಾಗ ಸಿಲಿಕ, ಎಂದರೆ ಬೆಣಚುಕಲ್ಲಿನ ಪುಡಿ. ಗಡಸುತನದ ಮೋಸ್ ಮಾಪನದಲ್ಲಿ ಬೆಣಚುಕಲ್ಲಿನ ಸ್ಥಾನ ೭; ಸಾಮಾನ್ಯ ಉಕ್ಕನ್ನು ಅದು ಗೀರಬಲ್ಲದು. ಸಿಲಿಂಡರಿನ ಗೋಡೆಗೂ ಪಿಸ್ಟನ್ ರಿಂಗಿಗೂ ನಡುವೆ ಇರುವ ಎಣ್ಣೆಯ ಪದರದ ದಪ್ಪವು ಕೆಲವೇ ಮೈಕ್ರಾನುಗಳು. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ತಲೆಗೂದಲಿನ ದಪ್ಪ ಸುಮಾರು ೭೦ ಮೈಕ್ರಾನು. ಎಣ್ಣೆಯ ಪದರಕ್ಕಿಂತ ಸ್ವಲ್ಪವೇ ದಪ್ಪನಾದ, ಕಣ್ಣಿಗೆ ಕಾಣದ ಕಣಗಳು ಒಳಸೇರಿ ರಿಂಗನ್ನೂ ಗೋಡೆಯನ್ನೂ ಸಾಣೆಕಲ್ಲಿನಂತೆ ಉಜ್ಜುತ್ತವೆ. ರಿಂಗು ಸವೆದರೆ ಒತ್ತಡ ಸೋರುತ್ತದೆ, ಎಂಜಿನ್ ಆಯಿಲು ಉರಿಯತೊಡಗುತ್ತದೆ, ಶಕ್ತಿ ಕುಂದುತ್ತದೆ. ಕಡೆಗೆ ಸಿಲಿಂಡರನ್ನು ಮರಳಿ ಕೊರೆಸಿ ಪಿಸ್ಟನ್ನು ಬದಲಾಯಿಸದೆ ಗತ್ಯಂತರವಿಲ್ಲ. ಈ ರಿಪೇರಿಯ ಖರ್ಚು ಶೋಧಕದ ಬೆಲೆಯ ಎಷ್ಟೋ ಪಟ್ಟು. ಕಣ್ಣಿಗೆ ಕಾಣುವ ಮರಳಿನ ಕಾಳಿಗಿಂತ ಕಣ್ಣಿಗೆ ಕಾಣದ ಹುಡಿಯೇ ಇಲ್ಲಿ ದೊಡ್ಡ ಶತ್ರುವೆಂಬುದನ್ನು ಓದುಗರು ಗಮನಿಸಬೇಕು.

೩. ಎರಡು ದೃಷ್ಟಾಂತಗಳು

ಈ ಅರಿವು ಮೊದಲು ಮೂಡಿದ್ದು ಹೊಲದಲ್ಲಿ. ೧೯೧೫ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಫ್ರಾಂಕ್ ಡೊನಾಲ್ಡ್‌ಸನ್ ಎಂಬ ಟ್ರ್ಯಾಕ್ಟರ್ ಮಾರಾಟಗಾರನು, ಯೂಟಾ ಪ್ರಾಂತದ ರೈತನೊಬ್ಬನ ಟ್ರ್ಯಾಕ್ಟರು ಧೂಳಿನಿಂದ ಸವೆದು ಹಾಳಾದುದನ್ನು ಕಂಡು, ಎಂಜಿನ್ನಿಗೆ ಗಾಳಿಯನ್ನು ಶುದ್ಧಮಾಡಿಕೊಡುವ ಉಪಕರಣವೊಂದನ್ನು ರಚಿಸಿದನು. ಅಲ್ಲಿಂದ ಮುಂದೆ ಶೋಧಕದ ಚರಿತ್ರೆಯೆಲ್ಲ ಎರಡು ಬೇಡಿಕೆಗಳ ನಡುವಣ ಜಗ್ಗಾಟದ ಚರಿತ್ರೆ. ಗಾಳಿ ಸರಾಗವಾಗಿ ಒಳಬರಬೇಕು. ಇದು ಎಂಜಿನ್ನಿನ ಉಸಿರಿನ ಪ್ರಶ್ನೆ. ಧೂಳು ಒಳಬರಬಾರದು, ಇದು ಅದರ ಆಯುಸ್ಸಿನ ಪ್ರಶ್ನೆ. ಒಂದನ್ನು ಹೆಚ್ಚಿಸಲು ಹೋದರೆ ಮತ್ತೊಂದು ಕುಗ್ಗುವ ಸಂಭವವಿದೆ. ಎರಡನೆಯ ಮಹಾಯುದ್ಧದ ಕಾಲದ ಎರಡು ನಿದರ್ಶನಗಳಿಂದ ಇದನ್ನು ಸ್ಪಷ್ಟಪಡಿಸಬಹುದು.

ಮೊದಲನೆಯದು ಉಸಿರು ಕಟ್ಟಿದ ಪ್ರಸಂಗ. ಬ್ರಿಟಿಷರ ಸ್ಪಿಟ್‌ಫೈರ್ ಯುದ್ಧವಿಮಾನವನ್ನು ಉತ್ತರ ಆಫ್ರಿಕದ ಮರಳುಗಾಡಿಗೂ ಮಾಲ್ಟಾ ದ್ವೀಪಕ್ಕೂ ಕಳುಹಿಸುವಾಗ ಅದರ ಮೂತಿಯ ಕೆಳಗೆ ವೋಕ್ಸ್ ಎಂಬ ದೊಡ್ಡ ಶೋಧಕವನ್ನು ಜೋಡಿಸಿದರು. ೧೯೪೨ರ ಮಾರ್ಚಿಯಲ್ಲಿ ಮಾಲ್ಟಾವನ್ನು ಮುಟ್ಟಿದ ವಿಮಾನಗಳಲ್ಲಿ ಇದ್ದದ್ದು ಇದೇ. ಗಲ್ಲ ಊದಿಕೊಂಡಂತೆ ಕಾಣುತ್ತಿದ್ದ ಆ ಶೋಧಕವು ಎಂಜಿನ್ನನ್ನು ಕಾಪಾಡಿತು. ಆದರೆ ವಿಮಾನದ ವೇಗವನ್ನೂ ಮೇಲೇರುವ ಶಕ್ತಿಯನ್ನೂ ತಗ್ಗಿಸಿತು. ವೈರಿಯ ವಿಮಾನಕ್ಕಿಂತ ಮೇಲೇರಲಾರದವನಿಗೆ ಎಂಜಿನ್ನಿನ ದೀರ್ಘಾಯುಸ್ಸಿನಿಂದ ಪ್ರಯೋಜನವೇನು? ಈಜಿಪ್ಟಿನ ಅಲೆಕ್ಸಾಂಡ್ರಿಯದ ಬಳಿಯ ಅಬೂಕೀರ್ ಎಂಬಲ್ಲಿದ್ದ ವಾಯುಪಡೆಯ ದುರಸ್ತಿ ಕೇಂದ್ರದವರು ತಾವೇ ಇನ್ನೂ ಚಿಕ್ಕದಾದ, ಹಗುರವಾದ ಬೇರೊಂದು ಶೋಧಕವನ್ನು ತಯಾರಿಸಿ ಜೋಡಿಸಿದರು. ಅದು ಅಬೂಕೀರ್ ಶೋಧಕವೆಂದೇ ಪ್ರಸಿದ್ಧವಾಯಿತು. ಮೂಲ ತಯಾರಕರದಲ್ಲದ ಶೋಧಕವು ಮೂಲಕ್ಕಿಂತ ಮೇಲಾಗಬಹುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕುವುದು ಕಷ್ಟ. ಮುಂದಿನ ಮಾದರಿಗಳಲ್ಲಿ, ನೆಲದ ಮೇಲೆಯೂ ಏರುವಾಗ ಇಳಿಯುವಾಗಲೂ ಗಾಳಿ ಶೋಧಕದ ಮೂಲಕ ಹಾಯುವಂತೆಯೂ, ಎತ್ತರದ ಶುದ್ಧ ಗಾಳಿಯಲ್ಲಿ ನೇರವಾಗಿ ಹೋಗುವಂತೆಯೂ ಚಾಲಕನೇ ಬದಲಾಯಿಸಬಹುದಾದ ಏರ್ಪಾಟು ಬಂದಿತು.

ಎರಡನೆಯದು ಆಯುಸ್ಸು ಕುಗ್ಗಿದ ಪ್ರಸಂಗ. ಸೋವಿಯತ್ ರಷ್ಯದ ಟಿ-೩೪ ಟ್ಯಾಂಕು ಆ ಯುದ್ಧದ ಶ್ರೇಷ್ಠ ಟ್ಯಾಂಕುಗಳಲ್ಲೊಂದೆಂದು ಗಣ್ಯವಾದುದು. ೧೯೪೨ರಲ್ಲಿ ಅದರ ಒಂದು ಮಾದರಿಯನ್ನು ಪರೀಕ್ಷೆಗಾಗಿ ಅಮೆರಿಕದ ಮೇರಿಲೆಂಡಿನಲ್ಲಿರುವ ಆಬರ್ಡೀನ್ ಸೇನಾ ಪರೀಕ್ಷಾಕೇಂದ್ರಕ್ಕೆ ಕಳುಹಿಸಲಾಯಿತು. ೩೪೩ ಕಿಲೋಮೀಟರ್ ನಡೆದ ಮೇಲೆ ಅದರ ಎಂಜಿನ್ನು ದುರಸ್ತಿಗೂ ಬಾರದಂತೆ ಕೆಟ್ಟುನಿಂತಿತು. ಬಿಚ್ಚಿ ನೋಡಿದವರು ಮುಖ್ಯ ದೋಷವನ್ನು ಕಂಡದ್ದು ವಾಯುಶೋಧಕದಲ್ಲಿ. ಅದು ಧೂಳನ್ನು ತಡೆಯುವ ಕೆಲಸವನ್ನು ಮಾಡುತ್ತಲೇ ಇರಲಿಲ್ಲವೆನ್ನಬಹುದು. ಕವಚವೂ ತೋಪೂ ಎಷ್ಟು ಬಲವಾಗಿದ್ದರೇನು, ಉಸಿರಿನ ದಾರಿಯಲ್ಲಿ ಕಾವಲಿಲ್ಲದೆ ಹೋಯಿತು. ಆಮೇಲಿನ ಟಿ-೩೪ಗಳಲ್ಲಿ ಗಾಳಿಯನ್ನು ಸುಳಿಯಂತೆ ತಿರುಗಿಸಿ ಭಾರವಾದ ಧೂಳನ್ನು ಹೊರಕ್ಕೆ ಎಸೆಯುವ 'ಸೈಕ್ಲೋನ್' ಶೋಧಕಗಳು ಬಂದುವು.

ಈ ಎರಡರಲ್ಲಿ ನಮ್ಮ ಸರ್ವಭೂಗಾಮಿ ವಾಹನವು ಯಾವುದಕ್ಕೆ ಹತ್ತಿರ? ವಿಮಾನವು ಧೂಳನ್ನು ಬಿಟ್ಟು ಮೇಲೇರುತ್ತದೆ. ಟ್ಯಾಂಕು ಧೂಳಿನಲ್ಲಿಯೇ ಬಾಳುತ್ತದೆ. ಎ.ಟಿ.ವಿ.ಯೂ ಟ್ಯಾಂಕಿನಂತೆ ನೆಲವನ್ನು ಬಿಡಲಾರದು. ಆದುದರಿಂದ ಅದರ ಶೋಧಕದ ಆಯ್ಕೆಯಲ್ಲಿ ಧೂಳನ್ನು ತಡೆಯುವ ಗುಣಕ್ಕೆ ಮೊದಲ ಸ್ಥಾನವನ್ನೂ ಗಾಳಿಯನ್ನು ಬಿಡುವ ಗುಣಕ್ಕೆ ಎರಡನೆಯ ಸ್ಥಾನವನ್ನೂ ಕೊಡಬೇಕೆಂಬುದು ನಮ್ಮ ಅಭಿಪ್ರಾಯ. ಮಾರುಕಟ್ಟೆಯ ಪ್ರಚಾರದಲ್ಲಿ ಈ ಕ್ರಮವು ಅನೇಕ ವೇಳೆ ತಲೆಕೆಳಗಾಗಿರುತ್ತದೆ. "ಹೆಚ್ಚು ಗಾಳಿ, ಹೆಚ್ಚು ಶಕ್ತಿ" ಎಂಬುದು ಅಲ್ಲಿನ ಘೋಷಣೆ. ಆದರೆ ಮೂಲ ತಯಾರಕರು ತಮ್ಮ ಎಂಜಿನ್ನಿಗೆ ಬೇಕಾದಷ್ಟು ಗಾಳಿ ಒದಗುವಂತೆಯೇ ಶೋಧಕದ ವಿಸ್ತಾರವನ್ನು ನಿಶ್ಚಯಿಸಿರುತ್ತಾರೆ. ಎಂಜಿನ್ನಿನಲ್ಲಿ ಬೇರೆ ಯಾವ ಮಾರ್ಪಾಟನ್ನೂ ಮಾಡದವನಿಗೆ ಶೋಧಕವೊಂದನ್ನೇ ಬದಲಾಯಿಸಿದುದರಿಂದ ದೊರೆಯುವ ಶಕ್ತಿಯ ಲಾಭ ಅತ್ಯಲ್ಪ. ಕಳೆದುಕೊಳ್ಳಬಹುದಾದ ಆಯುಸ್ಸು ಮಾತ್ರ ಅಲ್ಪವಲ್ಲ.

೪. ಅಳತೆಯ ಗಳೆ

ಹಾಗಾದರೆ ಧೂಳನ್ನು ತಡೆಯುವ ಗುಣವನ್ನು ತಿಳಿಯುವ ಬಗೆ ಹೇಗೆ? ಶಾಸನಗಳನ್ನು ಓದಿ ರೂಢಿಯಿದ್ದವರಿಗೆ ಇಲ್ಲಿ ಒಂದು ಪರಿಚಿತವಾದ ದಾರಿಯಿದೆ. ನಮ್ಮ ದಾನಶಾಸನಗಳಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ರಾಜನ ಪರಾಕ್ರಮವನ್ನು ಹೊಗಳುವ ಪ್ರಶಸ್ತಿಭಾಗ ಒಂದು. ಕೊಟ್ಟ ಭೂಮಿ ಎಷ್ಟು, ಅದರ ಎಲ್ಲೆ ಯಾವುದು ಎಂದು ತಿಳಿಸುವ ದಾನಭಾಗ ಇನ್ನೊಂದು. ಚರಿತ್ರಕಾರನು ಪ್ರಶಸ್ತಿಯನ್ನು ಎಚ್ಚರಿಕೆಯಿಂದ ಓದಿ, ದಾನಭಾಗವನ್ನು ಹೆಚ್ಚಾಗಿ ನಂಬುತ್ತಾನೆ. ದಾನಭಾಗದಲ್ಲಿಯೂ ಇಷ್ಟು ಮತ್ತರು ಎಂದಷ್ಟೇ ಹೇಳಿದರೆ ಸಾಲದು. ಯಾವ ಗಳೆಯಿಂದ ಅಳೆದ ಮತ್ತರೆಂಬುದು ತಿಳಿಯಬೇಕು. ಅದಕ್ಕಾಗಿಯೇ ಭೇರುಂಡ ಗಳೆಯೆಂದು ಮೊದಲಾಗಿ ಅಳತೆಗೋಲಿನ ಹೆಸರನ್ನೇ ಶಾಸನಗಳಲ್ಲಿ ನಮೂದಿಸುತ್ತಿದ್ದರು. ಗಳೆ ಬೇರೆಯಾದರೆ ಮತ್ತರೂ ಬೇರೆ.

ಶೋಧಕಗಳಿಗೂ ಇಂತಹ ಗಳೆಯೊಂದು ಉಂಟು. ಅದು ಒಂದು ಹಿಡಿ ಧೂಳು. ಅಮೆರಿಕದ ಅರಿಜೋನ ರಾಜ್ಯದಲ್ಲಿ ಸಾಲ್ಟ್ ನದಿಯ ಕಣಿವೆಯಿದೆ. ಅಲ್ಲಿ ಉಳುವ ಟ್ರ್ಯಾಕ್ಟರುಗಳ ಹಿಂದೆ ಎದ್ದು ನೆಲಕ್ಕಿಳಿದ ಧೂಳನ್ನು ಸಂಗ್ರಹಿಸಿ, ಒಣಗಿಸಿ, ಕಣಗಳ ಗಾತ್ರಕ್ಕೆ ತಕ್ಕಂತೆ ನಯ ಮತ್ತು ಒರಟು ಎಂದು ವಿಂಗಡಿಸಿ, ಎಲ್ಲ ಪರೀಕ್ಷಕರಿಗೂ ಒಂದೇ ಬಗೆಯ ಧೂಳು ಒದಗುವಂತೆ ಮಾಡಿದರು. ಜನರಲ್ ಮೋಟರ್ಸ್ ಕಂಪನಿಯ ಎ.ಸಿ. ಸ್ಪಾರ್ಕ್ ಪ್ಲಗ್ ವಿಭಾಗವು ಬಹುಕಾಲ ಇದನ್ನು ಒದಗಿಸುತ್ತಿತ್ತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ೧೯೯೭ರಲ್ಲಿ ಐ.ಎಸ್.ಒ. ೧೨೧೦೩-೧ ಎಂಬ ಮಾನಕದಲ್ಲಿ ಇದನ್ನು ಎ-೧ರಿಂದ ಎ-೪ರವರೆಗೆ ನಾಲ್ಕು ದರ್ಜೆಗಳಾಗಿ ಗೊತ್ತುಮಾಡಿತು. ಎ-೨ ಎಂಬುದು ನಯವಾದ ಧೂಳು, ಎ-೪ ಎಂಬುದು ಒರಟು ಧೂಳು. ಶೋಧಕವನ್ನು ಪರೀಕ್ಷಿಸುವ ವಿಧಾನವನ್ನು ಐ.ಎಸ್.ಒ. ೫೦೧೧ ಎಂಬ ಮತ್ತೊಂದು ಮಾನಕವು ತಿಳಿಸುತ್ತದೆ. ಗೊತ್ತಾದ ಪ್ರಮಾಣದ ಗಾಳಿಯಲ್ಲಿ ಗೊತ್ತಾದ ಧೂಳನ್ನು ಬೆರೆಸಿ ಹಾಯಿಸಿ, ಶೋಧಕದಲ್ಲಿ ಎಷ್ಟು ನಿಂತಿತು, ಎಷ್ಟು ದಾಟಿತು, ಗಾಳಿಗೆ ಎಷ್ಟು ತಡೆಯಾಯಿತು, ತಡೆಯು ಮಿತಿಮೀರುವುದರೊಳಗೆ ಒಟ್ಟು ಎಷ್ಟು ಧೂಳು ಹಿಡಿಯಿತು ಎಂಬುದನ್ನು ಅದರಲ್ಲಿ ತೂಗಿ ನೋಡುತ್ತಾರೆ.

ಆದುದರಿಂದ ಮಾರುವವನು "ನಮ್ಮ ಶೋಧಕವು ನೂರಕ್ಕೆ ೯೯ರಷ್ಟು ಧೂಳನ್ನು ತಡೆಯುತ್ತದೆ" ಎಂದಾಗ ಕೊಳ್ಳುವವನು ಕೇಳತಕ್ಕ ಪ್ರಶ್ನೆ, "ಯಾವ ಗಳೆಯಿಂದ?" ಎಂಬುದು. ಒರಟು ಧೂಳನ್ನು ತಡೆಯುವುದು ಸುಲಭ. ನಯವಾದುದನ್ನು ತಡೆಯುವುದು ಕಷ್ಟ. ಒರಟು ಧೂಳಿನಲ್ಲಿ ಪಡೆದ ೯೯ನ್ನು ನಯವಾದ ಧೂಳಿನಲ್ಲಿ ಪಡೆದ ೯೮ರ ಪಕ್ಕದಲ್ಲಿಟ್ಟು ಮೊದಲನೆಯದೇ ಮೇಲೆಂದರೆ ಅದು ನ್ಯಾಯವಾದ ಹೋಲಿಕೆಯಾಗದು. ಮಾನಕದ ಹೆಸರನ್ನೂ ಧೂಳಿನ ದರ್ಜೆಯನ್ನೂ ಹೇಳದ ಸಂಖ್ಯೆಯನ್ನು ಪ್ರಶಸ್ತಿಭಾಗಕ್ಕೆ ಸೇರಿಸಿಬಿಡುವುದು ಒಳ್ಳೆಯದು.

ಸಂಖ್ಯೆಯನ್ನು ಓದುವ ಕ್ರಮವೂ ಮುಖ್ಯ. ೯೭ಕ್ಕೂ ೯೯.೯ಕ್ಕೂ ಇರುವ ಅಂತರ ಮೇಲುನೋಟಕ್ಕೆ ಮೂರಕ್ಕಿಂತ ಕಡಮೆ. ಆದರೆ ಎಂಜಿನ್ನಿಗೆ ಸಂಬಂಧಪಡುವುದು ಶೋಧಕದಲ್ಲಿ ನಿಂತ ಧೂಳಲ್ಲ, ದಾಟಿದ ಧೂಳು. ಹಿಂದೆ ಹೇಳಿದ ಗಂಟೆಗೆ ೬೦ ಗ್ರಾಮಿನ ಲೆಕ್ಕದಲ್ಲಿ ೯೭ರ ಶೋಧಕವು ೧.೮ ಗ್ರಾಂ ಧೂಳನ್ನು ಒಳಬಿಡುತ್ತದೆ, ೯೯ರದು ೦.೬ ಗ್ರಾಂ, ೯೯.೯ರದು ೦.೦೬ ಗ್ರಾಂ. ಮೊದಲನೆಯದಕ್ಕೂ ಕೊನೆಯದಕ್ಕೂ ಮೂವತ್ತು ಪಟ್ಟು ಅಂತರ! ಹನಿಗೂಡಿದರೆ ಹಳ್ಳವೆಂಬಂತೆ ಈ ಅಂತರ ಸವಾರಿಯಿಂದ ಸವಾರಿಗೆ ಬೆಳೆಯುತ್ತದೆ. ಉಳಿಕೆಯನ್ನು ನೋಡಬೇಕೇ ಹೊರತು ಗಳಿಕೆಯನ್ನಲ್ಲ ಎಂಬುದನ್ನು ವಿದ್ಯಾರ್ಥಿಗಳು ನೆನಪಿಡಬೇಕು.

೫. ಶೋಧಕದ ಮೂರು ಬಗೆಗಳು

ಎ.ಟಿ.ವಿ.ಗಳಿಗೆ ಇಂದು ದೊರೆಯುವ ಬದಲಿ ಶೋಧಕಗಳನ್ನು ವಸ್ತುವಿನ ದೃಷ್ಟಿಯಿಂದ ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಎಣ್ಣೆ ಸವರಿದ ಸ್ಪಂಜಿನ ಶೋಧಕ. ಇದನ್ನು ಫೋಮ್ ಎನ್ನುತ್ತಾರೆ. ಅಂಕುಡೊಂಕಾದ ಸಾವಿರಾರು ರಂಧ್ರಗಳ ಮೂಲಕ ಗಾಳಿಯು ತಿರುಗಿ ತಿರುಗಿ ಹಾಯುವಾಗ, ಅಷ್ಟು ಬೇಗ ತಿರುಗಲಾರದ ಧೂಳಿನ ಕಣಗಳು ಅಂಟಾದ ಎಣ್ಣೆಗೆ ತಗುಲಿ ನಿಲ್ಲುತ್ತವೆ. ಹಳೆಯ ಜೀಪುಗಳಲ್ಲಿಯೂ ನಮ್ಮ ರೈತರ ಅನೇಕ ಪವರ್ ಟಿಲ್ಲರುಗಳಲ್ಲಿಯೂ ಇರುವ ಎಣ್ಣೆಬಟ್ಟಲಿನ ಶೋಧಕವು ಇದೇ ತತ್ತ್ವಕ್ಕೆ ಸೇರಿದುದು. ಧೂಳು ಮೇಲ್ಮೈಯಲ್ಲಿ ಮಾತ್ರವಲ್ಲದೆ ದಪ್ಪದುದ್ದಕ್ಕೂ ಹರಡಿ ನಿಲ್ಲುವುದರಿಂದ ಇದು ಬೇಗ ಕಟ್ಟಿಕೊಳ್ಳುವುದಿಲ್ಲ. ನೀರು ಬಿದ್ದರೂ ಹರಿಯುವುದಿಲ್ಲ. ತೊಳೆದು ಮತ್ತೆ ಮತ್ತೆ ಬಳಸಬಹುದು. ಆದರೆ ಇದರ ಗುಣವೆಲ್ಲ ಎಣ್ಣೆಯಲ್ಲಿದೆ. ಎಣ್ಣೆಯಿಲ್ಲದ ಸ್ಪಂಜು ನಯವಾದ ಧೂಳಿಗೆ ತೆರೆದ ಬಾಗಿಲು. ಶ್ರಮಪಟ್ಟು ತೊಳೆದು ಎಣ್ಣೆ ಸವರುವವನಿಗೆ ಇದು ಉತ್ತಮ, ಸೋಮಾರಿಗೆ ತಕ್ಕುದಲ್ಲ.

ಎರಡನೆಯದು ಎಣ್ಣೆ ಸವರಿದ ಹತ್ತಿಬಟ್ಟೆಯ ಶೋಧಕ. ಗಾಯಕ್ಕೆ ಕಟ್ಟುವ ಬಟ್ಟೆಯಂತಹ ತೆಳುವಾದ ಬಟ್ಟೆಯನ್ನು ಕೆಲವು ಪದರಗಳಾಗಿ ತಂತಿಯ ಜಾಲರಿಗಳ ನಡುವೆ ಇಟ್ಟು ನೆರಿಗೆ ಹಿಡಿದಿರುತ್ತಾರೆ. ೧೯೬೯ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಕೆ ಅಂಡ್ ಎನ್ ಕಂಪನಿಯಿಂದ ಈ ಬಗೆಯು ಲೋಕಪ್ರಸಿದ್ಧವಾಯಿತು. ಗಾಳಿಯನ್ನು ಸರಾಗವಾಗಿ ಬಿಡುವುದು ಇದರ ಮುಖ್ಯ ಗುಣ. ತೊಳೆದು ಬಹುಕಾಲ ಬಳಸಬಹುದೆಂಬುದು ಇನ್ನೊಂದು. ಆದರೆ ಪದರಗಳು ತೆಳುವಾದುದರಿಂದ, ಹಿಟ್ಟಿನಂತೆ ನುಣುಪಾದ ಧೂಳನ್ನು ತಡೆಯುವುದರಲ್ಲಿ ಒಳ್ಳೆಯ ಕಾಗದದ ಶೋಧಕಕ್ಕೆ ಇದು ಸಾಮಾನ್ಯವಾಗಿ ಸರಿಸಾಟಿಯಾಗದು. ಎಂಜಿನ್ನನ್ನು ಆಗಾಗ ಬಿಚ್ಚಿ ಸರಿಪಡಿಸುವ ಪಂದ್ಯದ ಸವಾರನಿಗೆ ಈ ಕೊರತೆ ದೊಡ್ಡದಲ್ಲ. ಒಂದೇ ಎಂಜಿನ್ನನ್ನು ವರ್ಷಗಟ್ಟಲೆ ದುಡಿಸಬೇಕಾದ ರೈತನಿಗೆ ದೊಡ್ಡದು.

ಮೂರನೆಯದು ಒಣ ಶೋಧಕ. ನೆರಿಗೆ ಹಿಡಿದ ಕಾಗದದ್ದು ಅಥವಾ ಕೃತಕ ನಾರಿನದು. ನಯವಾದ ಧೂಳನ್ನು ತಡೆಯುವುದರಲ್ಲಿ ಇದು ಸಾಮಾನ್ಯವಾಗಿ ಮೇಲುಗೈ. ಮೇಲ್ಮೈಯಲ್ಲಿ ನಿಂತ ಧೂಳೇ ಇನ್ನೊಂದು ಜರಡಿಯಾಗಿ ಬರಬರುತ್ತ ಇದರ ತಡೆಯುವ ಶಕ್ತಿ ಹೆಚ್ಚುತ್ತದೆಂಬುದು ಸ್ವಾರಸ್ಯವಾದ ಸಂಗತಿ. ಆದುದರಿಂದ ಮೇಲಿಂದ ಮೇಲೆ ಬಿಚ್ಚಿ ಕೊಡವುವುದು ಉಪಕಾರವಲ್ಲ, ಅಪಕಾರ. ಒತ್ತಡದ ಗಾಳಿಯನ್ನು ಬಿಟ್ಟು ಶುದ್ಧಮಾಡಹೋದರೆ ಕಾಗದ ಹರಿಯುವ ಭಯವಿದೆ. ಧೂಳು ತುಂಬಿದಂತೆ ಗಾಳಿಗೆ ತಡೆ ಹೆಚ್ಚುತ್ತದೆ. ನೀರು ನೆನೆದರೆ ಕಾಗದ ಮುದ್ದೆಯಾಗುತ್ತದೆ. ಹೊಳೆ ಹಳ್ಳಗಳನ್ನು ದಾಟುವವನಿಗೆ ಇದು ಅಷ್ಟಾಗಿ ಹಿತವಲ್ಲ. ಒಣನೆಲದಲ್ಲಿ ಓಡಾಡಿ, ಕಾಲಕಾಲಕ್ಕೆ ಹೊಸದನ್ನು ಕೊಂಡು ಹಾಕುವವನಿಗೆ ಹಿತ.

ವಿಪರೀತ ಧೂಳಿನ ಪ್ರದೇಶದಲ್ಲಿ ಮುಖ್ಯ ಶೋಧಕದ ಮುಂದೆ ಗಾಳಿಯನ್ನು ಸುಳಿಯಾಗಿ ತಿರುಗಿಸುವ ಪೂರ್ವಶೋಧಕವನ್ನು ಜೋಡಿಸುವುದುಂಟು. ಟಿ-೩೪ ಟ್ಯಾಂಕಿಗೆ ಒದಗಿದ ಸೈಕ್ಲೋನಿನ ತತ್ತ್ವವೇ ಇದು. ಒರಟು ಧೂಳಿನ ಬಹುಭಾಗ ಹೊರಗೇ ಉಳಿಯುವುದರಿಂದ ಮುಖ್ಯ ಶೋಧಕದ ಆಯುಸ್ಸು ಹೆಚ್ಚುತ್ತದೆ.

೬. ಅಂಚು ಮತ್ತು ಪೆಟ್ಟಿಗೆ

ಶೋಧಕದ ವಸ್ತು ಎಷ್ಟೇ ಶ್ರೇಷ್ಠವಾಗಿರಲಿ, ಅದರ ಅಂಚು ಪೆಟ್ಟಿಗೆಯ ಬಾಯಿಗೆ ಬಿಗಿಯಾಗಿ ಕೂಡದಿದ್ದರೆ ಎಲ್ಲವೂ ವ್ಯರ್ಥ. ಗಾಳಿಯು ಸುಲಭವಾದ ದಾರಿಯನ್ನು ಹುಡುಕುತ್ತದೆ. ಶೋಧಕದ ಮೂಲಕ ತಿಣುಕಿ ಬರುವುದಕ್ಕಿಂತ ಬದಿಯ ಸಂದಿನಲ್ಲಿ ನುಗ್ಗುವುದೇ ಅದಕ್ಕೆ ಸುಲಭ. ಊರಬಾಗಿಲಿಗೆ ಕಾವಲಿಟ್ಟು ಕೋಟೆಗೋಡೆಯ ಬಿರುಕನ್ನು ಮರೆತಂತೆ. ಪ್ರಯೋಗಶಾಲೆಯಲ್ಲಿ ೯೯.೯ನ್ನು ಪಡೆದ ಶೋಧಕವೂ ಕೂದಲೆಳೆಯಷ್ಟು ಸಂದಿನಿಂದ ಸೋಲುತ್ತದೆ. ನುಣುಪಾದ ಮರಳಿನಲ್ಲಿ ಹಾಗೆ ಸೋರುವ ಶೋಧಕದೊಡನೆ ಕೆಲವೇ ಗಂಟೆಗಳ ಸವಾರಿ ಮಾಡಿದರೂ ಎಂಜಿನ್ನಿಗೆ ಕೇಡು ತಪ್ಪಿದ್ದಲ್ಲ.

ಬದಲಿ ಶೋಧಕಗಳು ಮೂಲದಿಂದ ಹೆಚ್ಚಾಗಿ ಬೇರೆಯಾಗುವುದು ಈ ಅಂಚಿನಲ್ಲಿಯೇ. ಆದುದರಿಂದ ಕೊಂಡ ಶೋಧಕವನ್ನು ಹಳೆಯದರ ಪಕ್ಕದಲ್ಲಿಟ್ಟು ಉದ್ದ, ಬಾಯಿಯ ಅಗಲ, ಅಂಚಿನ ದಪ್ಪಗಳನ್ನು ಹೋಲಿಸಿ ನೋಡಬೇಕು. ಸ್ಪಂಜಿನದಾದರೆ ಅಂಚಿಗೆ ತೆಳುವಾಗಿ ಗ್ರೀಸು ಸವರಿ ಕೂರಿಸಬೇಕು. ಮೊದಲ ಸವಾರಿ ಮುಗಿದೊಡನೆ ಶೋಧಕವನ್ನು ತೆಗೆದು, ಎಂಜಿನ್ನಿನ ಕಡೆಯ ಕೊಳವೆಯ ಒಳಭಾಗವನ್ನು ಶುಭ್ರವಾದ ಬಿಳಿಯ ಬಟ್ಟೆಯಿಂದ ಒರಸಿ ನೋಡಬೇಕು. ಬಟ್ಟೆಯ ಮೇಲೆ ಧೂಳಿನ ಗೆರೆ ಕಂಡರೆ ಆ ಶೋಧಕವು, ಅದರ ಕೀರ್ತಿ ಏನೇ ಇರಲಿ, ಆ ವಾಹನಕ್ಕೆ ತಕ್ಕುದಲ್ಲ. ಕೊಳ್ಳುವವನೇ ಮಾಡಬಹುದಾದ ಪರೀಕ್ಷೆಗಳಲ್ಲಿ ಇದಕ್ಕಿಂತ ಅಗ್ಗವಾದುದೂ ಪ್ರಾಮಾಣಿಕವಾದುದೂ ಇನ್ನೊಂದಿಲ್ಲ.

ಪೆಟ್ಟಿಗೆಯ ಮುಚ್ಚಳವನ್ನು ತೆಗೆದುಹಾಕಿ ಹೆಚ್ಚು ಗಾಳಿಯನ್ನು ಬಿಡುವ ರೂಢಿಯೂ ಕೆಲವರಲ್ಲಿದೆ. ಇದರಿಂದ ಧೂಳೂ ನೀರೂ ನೇರವಾಗಿ ಶೋಧಕದ ಮೇಲೆ ಬೀಳುತ್ತವೆ. ಅಲ್ಲದೆ ಕಾರ್ಬ್ಯುರೇಟರ್ ಇರುವ ಎಂಜಿನ್ನಿನಲ್ಲಿ ಗಾಳಿ ಹೆಚ್ಚಿದರೆ ಪೆಟ್ರೋಲಿನ ಪ್ರಮಾಣ ಸಾಲದಾಗಿ ಎಂಜಿನ್ನು ಕಾಯುತ್ತದೆ. ಪೆಟ್ರೋಲನ್ನು ಬಿಡುವ ಜೆಟ್ಟನ್ನೂ ತಕ್ಕಂತೆ ಬದಲಾಯಿಸಬೇಕಾಗುತ್ತದೆ. ಒಂದನ್ನು ಮುಟ್ಟಿದವನು ಮತ್ತೊಂದನ್ನೂ ಸರಿಪಡಿಸದೆ ವಿಧಿಯಿಲ್ಲ.

ತೊಳೆಯುವ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ಸ್ಪಂಜಿನ ಶೋಧಕವನ್ನು ಪೆಟ್ರೋಲಿನಲ್ಲಿ ತೊಳೆಯಕೂಡದು. ಬೆಂಕಿಯ ಅಪಾಯವಿರುವುದಲ್ಲದೆ ಅಂಟು ಬಿಟ್ಟು ಸ್ಪಂಜು ಹಾಳಾಗುತ್ತದೆ. ಅದಕ್ಕೆಂದೇ ಮಾರುವ ದ್ರಾವಣದಲ್ಲಿ ಅಥವಾ ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯಂತೆ ಹಿಂಡದೆ ಅಂಗೈಗಳ ನಡುವೆ ಒತ್ತಿ, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಬೇಕು.

೭. ಉಪಸಂಹಾರ

ಮೇಲಿನ ವಿಚಾರದಿಂದ ಆಯ್ಕೆಯ ಕ್ರಮವು ತಾನಾಗಿಯೇ ಹೊರಡುತ್ತದೆ. ಮೊದಲು, ವಾಹನವು ಓಡಾಡುವ ನೆಲವನ್ನು ನೋಡಬೇಕು: ಒಣಧೂಳೇ, ಮರಳೇ, ಕೆಸರು ನೀರೇ ಎಂಬುದರಿಂದ ಶೋಧಕದ ಬಗೆ ನಿಶ್ಚಯವಾಗುತ್ತದೆ. ಎರಡನೆಯದಾಗಿ, ಅದನ್ನು ನೋಡಿಕೊಳ್ಳುವವನು ಎಷ್ಟು ಶ್ರಮ ವಹಿಸಬಲ್ಲನೆಂಬುದನ್ನು ಯೋಚಿಸಬೇಕು. ಮೂರನೆಯದಾಗಿ, ಮಾನಕದ ಹೆಸರನ್ನೂ ಧೂಳಿನ ದರ್ಜೆಯನ್ನೂ ಹೇಳಿ ಕೊಟ್ಟ ಸಂಖ್ಯೆಯನ್ನು ಮಾತ್ರ ಎಣಿಕೆಗೆ ತೆಗೆದುಕೊಂಡು, ಅದರಲ್ಲಿಯೂ ದಾಟಿಹೋಗುವ ಉಳಿಕೆಯನ್ನು ಹೋಲಿಸಬೇಕು. ನಾಲ್ಕನೆಯದಾಗಿ, ಅಂಚನ್ನು ಪರೀಕ್ಷಿಸಬೇಕು. ಇಷ್ಟೆಲ್ಲ ಸರಿಯಾಗಿದ್ದ ಮೇಲೆ ಗಾಳಿಯನ್ನು ಹೆಚ್ಚಾಗಿ ಬಿಡುವ ಶೋಧಕವನ್ನು ಆರಿಸಿಕೊಂಡರೆ ಆಕ್ಷೇಪವಿಲ್ಲ. ಈ ನಾಲ್ಕರಲ್ಲಿಯೂ ಮೂಲ ಶೋಧಕವೇ ಮೇಲೆಂದು ಕಂಡುಬಂದರೆ, ಬದಲಿಯನ್ನು ಕೊಳ್ಳದಿರುವುದೂ ಒಂದು ಆಯ್ಕೆಯೇ.

ಅಬೂಕೀರಿನ ಕೆಲಸಗಾರರು ಮೂಲವನ್ನು ಬಿಟ್ಟು ಬದಲಿಯನ್ನು ರಚಿಸಿದುದು ಘೋಷಣೆಯನ್ನು ನಂಬಿಯಲ್ಲ. ತಮ್ಮ ವಿಮಾನಕ್ಕೆ ಏನು ಬೇಕೆಂಬುದನ್ನು ಅರಿತು. ಕೊಳ್ಳುವವನಿಗೂ ಬೇಕಾದುದು ಆ ಅರಿವೇ. ಕಾಲೇಜಿನ ವಿದ್ಯಾರ್ಥಿಯು ತನ್ನ ಮೋಟಾರ್ ಸೈಕಲ್ಲಿಗೆ ಶೋಧಕವನ್ನು ಕೊಳ್ಳುವಾಗಲೂ ಇದೇ ನ್ಯಾಯವು ಅನ್ವಯಿಸುತ್ತದೆ. ಹೊಗಳಿಕೆಯನ್ನು ಬದಿಗಿಟ್ಟು ಅಳತೆಯನ್ನು ಕೇಳುವ, ಅಳತೆಯನ್ನು ಹೇಳಿದಾಗ ಗಳೆಯ ಹೆಸರನ್ನು ಕೇಳುವ ಅಭ್ಯಾಸವು ಶಾಸನದ ಮುಂದೆ ಎಷ್ಟು ಬೇಕೋ ಅಂಗಡಿಯ ಮುಂದೆಯೂ ಅಷ್ಟೇ ಬೇಕು.